ಹಾರ ಹಾಕಿಸಿಕೊಂಡ ಫೀಡರು

ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಮದುವೆಗೆ ನಿಂತ ಗಂಡುಗಳಲ್ಲಿ ಎರಡೇ ಜಾತಿ ಇದ್ದವು. ಸಾಫ್ಟ್‌ವೇರಿನವರು ಒಂದು, ಉಳಿದವರು ಇನ್ನೊಂದು. ಗೋತ್ರ, ಬೆಡಗು, ಒಳಪಂಗಡ ಎಲ್ಲ ಆಮೇಲಿನ ವಿಚಾರ. ನಾನು ಉಳಿದವರ ಪೈಕಿ. ಅದರಲ್ಲೂ ಜೀಡಿಮೆಟ್ಲದ ಒಂದು ತಗಡಿನ ಶೆಡ್ಡಿನಲ್ಲಿ ಫೀಡರು ಮಾಡುವವನು ಅಂದರೆ, ಉಳಿದವರಲ್ಲೂ ತೀರಾ ಉಳಿದುಹೋದವನು.

ಫೀಡರು ಅಂದರೆ ಏನು ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ನನ್ನ ನಾಲಿಗೆ ಸವೆದಿತ್ತು. ಸಿಮೆಂಟು, ಔಷಧಿ, ಬಣ್ಣ, ಹಿಟ್ಟು, ಯಾವುದೇ ಪುಡಿಯಿಂದ ಮಾಲು ಮಾಡುವ ಕಾರ್ಖಾನೆಯಲ್ಲಿ ಆ ಪುಡಿಯನ್ನು ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಒಂದೇ ಸಮನೆ ಬೀಳಿಸುತ್ತ ಇರಬೇಕು. ಅದನ್ನು ಮಾಡುವ ಯಂತ್ರವೇ ಫೀಡರು. ನಾವು ಮಾಡುತ್ತಿದ್ದುದು ಅದರಲ್ಲಿ ಸ್ವಲ್ಪ ಸೂಕ್ಷ್ಮ ಸ್ವಭಾವದ್ದು. ಪುಡಿ ತುಂಬಿದ ಸ್ಟೀಲ್ ಡಬ್ಬ, ಅದರ ತಳದಲ್ಲಿ ಪುಡಿಯನ್ನು ಹೊರಗೆ ತಳ್ಳುವ ಒಂದು ಸ್ಕ್ರೂ, ಇವೆರಡೂ ಸೇರಿ ಒಂದು ತೂಕದ ಕಟ್ಟೆಯ ಮೇಲೆ ಕೂತಿರುತ್ತವೆ. ಯಂತ್ರ ತನ್ನನ್ನು ತಾನೇ ತೂಗಿಕೊಳ್ಳುತ್ತದೆ. ಹೊರಗೆ ಎಷ್ಟು ಬಿತ್ತು ಅಂತ ಅದು ನೋಡುವುದಿಲ್ಲ, ತನ್ನ ಮೈ ಎಷ್ಟು ಹಗುರಾಯಿತು ಅಂತ ನೋಡುತ್ತದೆ. ಬೇಗ ಹಗುರಾದರೆ ಸ್ಕ್ರೂ ನಿಧಾನ ಮಾಡುತ್ತದೆ, ತಡವಾದರೆ ಜೋರು ಮಾಡುತ್ತದೆ. ಸಕ್ಕರೆ ಡಬ್ಬಿ ಎಷ್ಟು ಇಳಿಯಿತು ಅಂತ ನೋಡಿಯೇ ನಮ್ಮವ್ವ ಮನೆಗೆ ಬಂದುಹೋದವರ ಲೆಕ್ಕ ಹೇಳುತ್ತಿದ್ದಳು, ಅದೇ ರೀತಿ.

ಅವ್ವನಿಗೆ ಮಾತ್ರ ನನ್ನ ಯಂತ್ರದ ಮೇಲೆ ಕೋಪ. ಬಡಿ ಚೌಡಿಯ ನಮ್ಮ ಓಣಿಯಲ್ಲಿ ಕಲಬುರ್ಗಿ, ಬೀದರ ಕಡೆಯಿಂದ ಬಂದ ಮನೆಗಳು ಬಹಳ ಇದ್ದವು. ಆ ಮನೆಗಳ ಹುಡುಗರೆಲ್ಲ ಅಮೀರ್‌ಪೇಟೆಗೆ ಹೋಗಿ ಏನೇನೋ ಕಂಪ್ಯೂಟರ್ ಕೋರ್ಸು ಮಾಡಿ, ಕೊರಳಿಗೆ ಪಟ್ಟಿ ಕಟ್ಟಿಕೊಂಡು ಅದಕ್ಕೆ ತಮ್ಮದೇ ಫೋಟೋ ತೂಗುಬಿಟ್ಟುಕೊಂಡು ಓಡಾಡುತ್ತಿದ್ದರು. ಸಂಜೆ ನಾನು ಹುಬ್ಬಿನವರೆಗೂ ಪುಡಿ ಮೆತ್ತಿಕೊಂಡು ಬಂದರೆ ಅವ್ವ ಬಾಗಿಲಲ್ಲೇ ನಿಲ್ಲಿಸಿ ಸೆರಗಿನಿಂದ ಝಾಡಿಸುತ್ತಿದ್ದಳು.

"ಹಿಟ್ಟಿನ ಗಿರಣಿಗೆ ಹೋಗಾಕ ಇಂಜಿನಿಯರ್ ಯಾಕ ಓದಬೇಕಿತ್ತು?" ಅನ್ನುತ್ತಿದ್ದಳು.

ಹೆಣ್ಣಿನ ಕಡೆಯವರಿಗೆ ಹೇಳಲು ಅವಳೇ ಒಂದು ಉತ್ತರ ಕಟ್ಟಿಕೊಂಡಿದ್ದಳು. ಆಗ ನಮ್ಮ ಶೆಡ್ಡಿನಲ್ಲಿ ತಯಾರಾಗುತ್ತಿದ್ದುದು ಕೋಳಿ ಆಹಾರದ ಕಂಪನಿಯೊಂದಕ್ಕೆ ಬೇಕಾದ ಫೀಡರು. ಟನ್ನುಗಟ್ಟಲೆ ಮೆಕ್ಕೆಜೋಳದ ನುಚ್ಚಿನಲ್ಲಿ ನಿಮಿಷಕ್ಕೆ ಒಂದು ಚಮಚೆಯಷ್ಟು ವಿಟಮಿನ್ ಪುಡಿ ಬೀಳಿಸುವುದು ಅದರ ಕೆಲಸ. ಅವ್ವ ಕೋಳಿಯನ್ನು ಹಾಗೇ ನುಂಗಿ, "ವಿಟಮಿನ್ ಲೈನಿನಾಗ ಅದಾನ್ರಿ, ಎಲ್ಲಾ ಕಂಪ್ಯೂಟರ್ ಮ್ಯಾಲ ನಡೀತೈತಿ," ಅನ್ನುತ್ತಿದ್ದಳು. ಜನ್ಮದಲ್ಲಿ ಮೊಟ್ಟೆ ಮುಟ್ಟದವಳು ಮಗನ ಮದುವೆಗಾಗಿ ಇಡೀ ಕೋಳಿ ಸಂತತಿಯನ್ನೇ ನುಂಗಬೇಕಾಯಿತು.

ಕಂಪ್ಯೂಟರ್ ಮೇಲೆ ನಡೆಯುತ್ತದೆ ಅನ್ನುವುದು ಪೂರ್ತಿ ಸುಳ್ಳೂ ಅಲ್ಲ. ನಮ್ಮ ಮಾಲೀಕರು, ಮೊದಲು ಲೇಥ್ ಅಂಗಡಿ ಇಟ್ಟು ಬೆಳೆದ ತೆಲುಗಿನವರು, ಊರಿನ ಗಾಳಿ ನೋಡಿ ಬೋರ್ಡು ಬದಲಿಸಿದ್ದರು. 'ಇಂಜಿನಿಯರಿಂಗ್ ವರ್ಕ್ಸ್' ಇದ್ದದ್ದು ಒಂದು ಸೋಮವಾರ 'ಟೆಕ್ನಾಲಜೀಸ್' ಆಯಿತು. ಶೆಡ್ಡಿನೊಳಗೆ ಗಾಜಿನ ಕ್ಯಾಬಿನ್ನು ಎದ್ದಿತು, ಅದರೊಳಗೆ ಎ.ಸಿ. ಬಂತು, ಎ.ಸಿ.ಯ ಕೆಳಗೆ ಒಂದು ಬಣ್ಣದ ಕಂಪ್ಯೂಟರ್ ಬಂತು. ಫೀಡರಿನ ಡಬ್ಬದಿಂದ ಒಂದು ವೈರು ಎಳೆದು ಅದಕ್ಕೆ ಸಿಕ್ಕಿಸಿದರೆ ಪರದೆಯ ಮೇಲೆ ಹಸಿರು ಗೆರೆಯೊಂದು ಓಡುತ್ತಿತ್ತು. ಯಂತ್ರದ ಹತ್ತಿರ ಹೋಗಿ ನಿಲ್ಲುವ ಅಭ್ಯಾಸವನ್ನೇ ಮಾಲೀಕರು ಬಿಟ್ಟರು. ಸ್ಕ್ರೂ ಕಿರುಗುಟ್ಟುತ್ತದೆ ಅಂತ ನಾನು ಹೇಳಿದರೆ, "ಗೆರೆ ನೆಟ್ಟಗಿದೆಯಲ್ಲಯ್ಯಾ," ಅನ್ನುತ್ತಿದ್ದರು. ಕೋಳಿ ಕಂಪನಿಯ ಪರೀಕ್ಷೆಯಲ್ಲಿ ಈ ಫೀಡರು ಬಿದ್ದುಹೋದರೆ ಶೆಡ್ಡನ್ನು ಕಂಪ್ಯೂಟರ್ ಕ್ಲಾಸಿಗೆ ಬಾಡಿಗೆ ಕೊಡುವುದಾಗಿಯೂ ಆಗಾಗ ಹೇಳುತ್ತಿದ್ದರು. ಅದು ಬೆದರಿಕೆಯೋ ಆಸೆಯೋ ನನಗೆ ಕೊನೆಗೂ ತಿಳಿಯಲಿಲ್ಲ.

ಇಂಥ ಹೊತ್ತಿನಲ್ಲಿ ಸುಲ್ತಾನ್ ಬಜಾರಿನ ಸೀರೆ ವ್ಯಾಪಾರಿಯೊಬ್ಬರ ಮಗಳನ್ನು ನೋಡಲು ಹೋದೆವು. ಕೆಳಗೆ ಅಂಗಡಿ, ಮೇಲೆ ಮನೆ. ಅವರೂ ನಮ್ಮ ಕಡೆಯವರೇ, ಹುಮನಾಬಾದಿನ ಮೂಲ. ತಟ್ಟೆಯಲ್ಲಿ ಮಂಡಕ್ಕಿಯ ಸೂಸಲ ಬಂತು, ಮಿರ್ಚಿ ಬಂತು, ಹುಡುಗಿ ಬಂದಳು. ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಾಳಂತೆ. ಯಥಾಪ್ರಕಾರ ಫೀಡರು ಅಂದರೆ ಏನು ಅಂತ ಒಬ್ಬರು ಕೇಳಿದರು, ನಾನು ಶುರು ಮಾಡಿದೆ. ತನ್ನನ್ನು ತಾನೇ ತೂಗಿಕೊಳ್ಳುತ್ತದೆ ಅನ್ನುವ ಹೊತ್ತಿಗೆ ಹಿರಿಯರೆಲ್ಲ ಮಿರ್ಚಿಯ ಕಡೆ ತಿರುಗಿದ್ದರು. ಆಕೆಯ ತಂದೆ ಕೆಳಗಿನಿಂದ ಯಾರೋ ಕೂಗಿದ್ದಕ್ಕೆ ಕಿಟಕಿಯಲ್ಲಿ ಬಗ್ಗಿ ಸೀರೆಯ ರೇಟು ಹೇಳುತ್ತಿದ್ದರು.

ಆಗ ಹುಡುಗಿ ಕೇಳಿದಳು. "ಅದು ತನ್ನನ್ನ ತಾನ ತೂಗಿಕೋತೈತಿ ಅಂದ್ರ, ನಡುವ ಯಾರಾರ ಅದನ್ನ ಮುಟ್ಟಿದ್ರ ಏನಾಗತೈತ್ರಿ?"

ಮೂರು ವರ್ಷದಲ್ಲಿ ಎಷ್ಟೋ ಮನೆಯ ಸೂಸಲ ತಿಂದಿದ್ದೆ. ಸಂಬಳ ಕೇಳಿದವರಿದ್ದರು, ಸ್ವಂತ ಮನೆಯಿದೆಯೇ ಅಂದವರಿದ್ದರು, ಅಮೆರಿಕಕ್ಕೆ ಹೋಗುವ ಯೋಗ ಉಂಟೇ ಅಂತ ಜಾತಕ ತಿರುವಿ ನೋಡಿದವರೂ ಇದ್ದರು. ಯಂತ್ರದ ಮರ್ಮವನ್ನೇ ಹಿಡಿದು ಕೇಳಿದವರು ಯಾರೂ ಇರಲಿಲ್ಲ. ಅದೇ ಕ್ಷಣಕ್ಕೆ ಆಕೆ ನನಗೆ ಬೇಕು ಅನ್ನಿಸಿತು. ಅದನ್ನು ಈಗ ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

"ಮುಟ್ಟಬಾರದ್ರಿ," ಅಂದೆ. "ಮುಟ್ಟಿದ್ರ ಲೆಕ್ಕ ಕೆಡತೈತಿ. ಓಡಾಕತ್ತಿದಾಗ ಅದು ಮಡಿಯಾಗ ಇದ್ದಂಗ."

ಕಿಟಕಿಯಿಂದ ತಿರುಗಿದ ತಂದೆಯ ಕಿವಿಗೆ ಬಿದ್ದದ್ದು ಈ ಕೊನೆಯ ಮಾತು ಮಾತ್ರ. ಅವರ ಮುಖ ಅರಳಿತು. ಇಡೀ ಊರು ಕೆಟ್ಟುಹೋಗಿರುವಾಗ ಜೀಡಿಮೆಟ್ಲದಲ್ಲಿ ಒಂದು ಯಂತ್ರ ಮಡಿಯಲ್ಲಿದೆ ಅನ್ನುವುದು ಅವರಿಗೆ ಬಹಳ ಹಿಡಿಸಿತು. ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡದೆ ತಾವು ಎಂದೂ ತಗೊಂಡವರಲ್ಲ, ಶುಕ್ರವಾರ ಒಳ್ಳೆಯ ದಿನ, ಬಂದು ನೋಡುತ್ತೇನೆ ಅಂದರು. ಶುಕ್ರವಾರವೇ ಕೋಳಿ ಕಂಪನಿಯ ಪರೀಕ್ಷೆ. ಬೇಡ ಅನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, "ಅಗದೀ ಚಲೋ ಆತ್ರಿ," ಅಂದುಬಿಟ್ಟಿದ್ದಳು.

ಶುಕ್ರವಾರ ಬೆಳಿಗ್ಗೆ ಫೀಡರಿಗೆ ಪುಡಿ ತುಂಬಿ, ತೂಕ ಸೊನ್ನೆ ಮಾಡಿ, ಸುತ್ತ ಹಗ್ಗ ಕಟ್ಟಿದೆ. ನಮ್ಮ ಶೆಡ್ಡಿನಲ್ಲೂ ಯಂತ್ರಕ್ಕೆ ಪೂಜೆ ಇದ್ದೇ ಇತ್ತು. ಆದರೆ ಪರೀಕ್ಷೆ ಮುಗಿದು, ಲಾರಿ ಹತ್ತುವ ಮುಂಚೆ. ಹೆಣ್ಣುಮಗಳನ್ನು ಕಳಿಸಿಕೊಡುವಾಗ ಮಾಡುವ ಹಾಗೆ ಕುಂಕುಮ, ನಿಂಬೆಹಣ್ಣು, ಕಾಯಿ. ಅದಕ್ಕೆ ಮೊದಲು ಒಂದು ನೊಣವನ್ನೂ ನಾನು ಅದರ ಮೇಲೆ ಕೂರಗೊಡುತ್ತಿರಲಿಲ್ಲ.

ಕೋಳಿ ಕಂಪನಿಯ ಪರೀಕ್ಷಕರನ್ನು ಗೇಟಿನಿಂದ ಕರೆತರಲು ಹೋದೆ. ಹಣೆತುಂಬ ವಿಭೂತಿ ಬಳಿದ, ಕೆಲಸದಲ್ಲಿ ಕಟ್ಟುನಿಟ್ಟಿನ ಮನುಷ್ಯ. ವಾಪಸು ಬಂದು ನೋಡಿದರೆ ನನ್ನ ಫೀಡರು ಮದುಮಗನಾಗಿ ನಿಂತಿತ್ತು. ಡಬ್ಬದ ಕೊರಳಿಗೆ ತೋಳು ಗಾತ್ರದ ಚೆಂಡುಹೂವಿನ ಹಾರ. ಪಕ್ಕದಲ್ಲಿ ಸೀರೆ ವ್ಯಾಪಾರಿಗಳು ಶುಭ್ರ ಧೋತರದಲ್ಲಿ ಕೈಮುಗಿದು ನಿಂತಿದ್ದಾರೆ. ಅವರಿಗಿಂತ ಒಂದು ಮೊಳ ಹೆಚ್ಚು ಬಗ್ಗಿ ನಮ್ಮ ಮಾಲೀಕರು ಕೈಮುಗಿದಿದ್ದಾರೆ.

"ನಾ ಮುಟ್ಟಿಲ್ಲ ಹಾಂ," ಅಂದರು ವ್ಯಾಪಾರಿಗಳು, ನನ್ನ ಮುಖ ನೋಡಿ. "ಮಡಿ ಐತಿ ಅಂತ ಹೇಳಿದ್ರಲ್ಲ. ಜಳಕ ಮಾಡಿ ಬಂದೀನಿ. ಹಾರಾನೂ ಜಾಂಬಾಗಿನ ಹೂವಿನ ಬಜಾರಿನಿಂದ ತಂದು, ಇಲ್ಲೇ ನಿಮ್ಮ ನಳದ ಬುಡಕ ಹಿಡದು, ನೀರಾಗ ಅದ್ದಿ ಮಡಿ ಮಾಡಿ, ದೂರಿಂದ ಹಾಕೀನಿ. ಬೆರಳೂ ತಾಗಿಲ್ಲ."

ಪರೀಕ್ಷಕರು ಹಾರ ನೋಡಿ ಚಪ್ಪಲಿ ಬಿಟ್ಟು ತಾವೂ ಕೈಮುಗಿದರು. ಶುಭವಾಗಲಿ, ಶುರು ಮಾಡಿ ಅಂದರು. ಸುಮ್ಮನೆ ಕೂತ ಭಾರವಾದರೆ ಯಂತ್ರ ಅದನ್ನು ತನ್ನ ಮೈಯೆಂದೇ ತಿಳಿದು ಹೊಂದಿಕೊಳ್ಳುತ್ತದೆ, ನೋಡೋಣ ಅಂತ ನಾನೂ ಧೈರ್ಯ ತಂದುಕೊಂಡೆ. ಸ್ಕ್ರೂ ತಿರುಗಿತು, ಗಾಜಿನ ಕ್ಯಾಬಿನ್ನಿನೊಳಗೆ ಹಸಿರು ಗೆರೆ ಓಡಿತು. ಆಗ ಕೇಳಿಸಿತು, ಟಪ್ ಅಂತ. ಸ್ವಲ್ಪ ತಡೆದು ಇನ್ನೊಂದು ಟಪ್. ಹಾರದ ನೀರು ನೆಲಕ್ಕೆ ಬೀಳುತ್ತಿತ್ತು.

ಆಮೇಲೆ ಆದದ್ದನ್ನು ಹೇಳುವುದು ಸುಲಭ. ಹಾರದಿಂದ ನೀರು ಇಳಿದಂತೆ ಯಂತ್ರ ಹಗುರಾಗುತ್ತಿತ್ತು. ಹಗುರಾದದ್ದನ್ನೆಲ್ಲ ಅದು ವಿಟಮಿನ್ ಬಿತ್ತು ಅಂತಲೇ ಲೆಕ್ಕ ಹಿಡಿಯಿತು. ಸಾಕಷ್ಟು ಬಿದ್ದಿದೆಯಲ್ಲ ಅಂತ ಸ್ಕ್ರೂ ನಿಧಾನ ಮಾಡಿತು. ಪರೀಕ್ಷಕರು ಆಗಾಗ ಯಂತ್ರದ ಬಾಯಿಗೆ ಬಟ್ಟಲು ಹಿಡಿದು, ಬಿದ್ದ ಪುಡಿಯನ್ನು ಬೇರೆ ತಕ್ಕಡಿಯಲ್ಲಿ ತೂಗುತ್ತಿದ್ದರು. ಪ್ರತಿ ಬಟ್ಟಲೂ ಕಮ್ಮಿ. ಪರದೆಯ ಮೇಲೆ ಮಾತ್ರ ಗೆರೆ ಗೀಟು ಹಾಕಿ ಎಳೆದಂತೆ ನೆಟ್ಟಗಿತ್ತು.

ಮಾಲೀಕರಿಗೆ ಸಂಶಯವೇ ಬರಲಿಲ್ಲ. ಕಂಪ್ಯೂಟರ್ ಸರಿ ಅನ್ನುತ್ತಿದೆ, ಆದ್ದರಿಂದ ತಕ್ಕಡಿ ತಪ್ಪು. ಬೇರೆ ತಕ್ಕಡಿ ತರಿಸಿದರು. ಅದೂ ಕಮ್ಮಿಯೇ ಹೇಳಿತು. ಕಂಪ್ಯೂಟರನ್ನು ಆರಿಸಿ ಹಚ್ಚಿದರು. ಗೆರೆ ಮತ್ತಷ್ಟು ನೆಟ್ಟಗಾಯಿತು. ಶೆಡ್ಡಿನ ಸೆಕೆಗೆ ಹೂವು ಸೊರಗಿದ್ದು ಕಂಡು, ಸಾಹುಕಾರರು ತಂದ ಹಾರ ಬಾಡಿದರೆ ಅಪಶಕುನ ಅಂತ ಲೋಟದಲ್ಲಿ ನೀರು ತಂದು ತಾವೇ ಚಿಮುಕಿಸಿದರು. ಯಂತ್ರ ಒಂದು ಸಲ ಬೆಚ್ಚಿ ಬಿದ್ದು ಕೂಗಿಕೊಂಡಿತು, ಆಮೇಲೆ ಸಮಾಧಾನ ಮಾಡಿಕೊಂಡಿತು. ಮುಂದಿನ ಬಟ್ಟಲು ಹಿಂದಿನದಕ್ಕಿಂತಲೂ ಕಮ್ಮಿ ಬಂತು.

ಪರೀಕ್ಷಕರಿಗೆ ಅಷ್ಟೊತ್ತಿಗೆ ಗೊತ್ತಾಗಿತ್ತು. ಅವರ ಕಣ್ಣು ಬಟ್ಟಲಿನಿಂದ ನೆಲದ ಮೇಲಿನ ನೀರಿಗೆ, ನೀರಿನಿಂದ ಹಾರಕ್ಕೆ ಹೋಗಿ, ಹಾರ ಮುಟ್ಟುತ್ತಲೂ ಭಕ್ತಿಯಿಂದ ಮುಚ್ಚಿಕೊಳ್ಳುತ್ತಿದ್ದವು. ಮಾಲೀಕರಿಗೂ ಎರಡನೆಯ ಸಲ ನೀರು ತರಲು ಹೊರಟಾಗ ಹೊಳೆದಿರಬೇಕು, ಅರ್ಧ ದಾರಿಯಲ್ಲೇ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಇಲಿಗಳು ಯೋಚಿಸಿದ್ದು ಎಲ್ಲರಿಗೂ ಗೊತ್ತು. ಕಟ್ಟಿದ್ದನ್ನು ಬಿಚ್ಚುವವರು ಯಾರು ಅನ್ನುವುದು ಅದಕ್ಕಿಂತ ಕಷ್ಟದ ಪ್ರಶ್ನೆ. ಯಂತ್ರ ಬಲ್ಲವರು ಮೂವರು ಒಂದು ಹೂವಿನ ಹಾರದ ಸುತ್ತ ನಿಂತು, ಪವರ್ ಸಪ್ಲೈ ಸರಿಯಿದೆಯಾ, ಪುಡಿ ಹಸಿಯಾಗಿದೆಯಾ ಅಂತ ಒಬ್ಬರನ್ನೊಬ್ಬರು ಗಂಭೀರವಾಗಿ ವಿಚಾರಿಸಿಕೊಂಡೆವು.

ನನಗೆ ಅತ್ತ ದರಿ, ಇತ್ತ ಪುಲಿ. ಹಾರ ಇದ್ದರೆ ಯಂತ್ರ ಬೀಳುತ್ತದೆ, ಅದರ ಹಿಂದೆ ನನ್ನ ನೌಕರಿ, ನೌಕರಿ ಇಲ್ಲದವನಿಗೆ ಯಾರು ಹೆಣ್ಣು ಕೊಡುತ್ತಾರೆ. ಹಾರ ತೆಗೆದರೆ, ಹೆಣ್ಣು ಕೊಡಬೇಕಾದವರು ಅಲ್ಲೇ ಎರಡು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು, ಕೊಟ್ಟ ಚಹಾ ಕುಡಿಯುತ್ತ, ತಮ್ಮ ಹಾರದ ಚಂದ ನೋಡುತ್ತ ಕೂತಿದ್ದಾರೆ. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಆಕೆ ನನಗೆ ಸಿಗುತ್ತಿರಲಿಲ್ಲ. ಸಿಟ್ಟು ಬಂತು. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು. ಅದು ಕಂಡದ್ದನ್ನೇ ಹೇಳುತ್ತಿತ್ತು. ಕಂಡದ್ದನ್ನು ಹೇಳದವರು ನಾವು.

ಸ್ವಿಚ್ಚು ಆರಿಸಿದೆ. ಪರೀಕ್ಷಕರಿಗೆ, ಮತ್ತೆ ಮೊದಲಿನಿಂದ ಶುರು ಮಾಡೋಣ ಅಂದೆ. ಹಗ್ಗ ದಾಟಿ ಹೋಗಿ ಎರಡೂ ಕೈಯಿಂದ ಹಾರವನ್ನು ಎತ್ತಿ, ಕಣ್ಣಿಗೆ ಒತ್ತಿಕೊಂಡು, ಸೀರೆ ವ್ಯಾಪಾರಿಗಳ ಮುಂದೆ ನಿಂತೆ.

"ಕಾಕಾರ, ಇದು ಅಲ್ಲಿ ಇರಬಾರದ್ರಿ. ಇದರಾಗಿನ ನೀರು ಇಳಿಯೋದನ್ನ ಮಷೀನು ಪುಡಿ ಇಳಿದಂಗ ಲೆಕ್ಕಾ ಹಿಡಿಯಾಕತ್ತೈತಿ. ಅದಕ್ಕ ಪುಡಿ ಕಮ್ಮಿ ಬೀಳಾಕತ್ತೈತಿ."

ಅವರು ಚಹಾದ ಕಪ್ಪು ಕೆಳಗಿಟ್ಟರು. "ಏರಿಸಿದ ಹೂವು ತಗದು ಏರಿಸಿದವರ ಕೈಯಾಗ ಕೊಡ್ತೀರೇನು?"

ಹಾರ ನನ್ನ ಕೈಯಿಂದ ಅವರ ಬಿಳಿ ಧೋತರದ ಮೇಲೆ ಹನಿಯುತ್ತಿತ್ತು. ಆಗ ನಮ್ಮ ಮಾಲೀಕರು ಸಮಯಸ್ಫೂರ್ತಿ ತೋರಿಸಿದರು. ಹಾರವನ್ನು ನನ್ನ ಕೈಯಿಂದ ಕಸಿದುಕೊಂಡು, ಗಾಜಿನ ಕ್ಯಾಬಿನ್ನಿಗೆ ಓಡಿ, ಕಂಪ್ಯೂಟರಿನ ಕೊರಳಿಗೆ ಹಾಕಿದರು. ಹೊರಗೆ ಬಂದು, ಇನ್ನೇನು ಚಿಂತೆಯಿಲ್ಲ ಅನ್ನುವಂತೆ ಎಲ್ಲರಿಗೂ ನಕ್ಕರು. ಸೀರೆ ವ್ಯಾಪಾರಿಗಳು ಒಮ್ಮೆ ಆ ಗಾಜಿನ ಕಡೆ ನೋಡಿದರು, ಧೋತರದ ಚುಂಗು ಹಿಂಡಿಕೊಂಡರು, ಎದ್ದು ಹೋದರು. ಗೇಟಿನ ತನಕ ಹಿಂದೆ ಹೋದೆ. ಅವರು ಆಟೋದವನ ಜೊತೆ ದಖ್ನಿ ಉರ್ದುವಿನಲ್ಲಿ ಮಾತಾಡಿದರು, ನನ್ನ ಜೊತೆ ಮಾತಾಡಲಿಲ್ಲ.

ಮುಂದಿನ ಬಟ್ಟಲುಗಳೆಲ್ಲ ಸರಿ ಬಂದವು. ಸಂಜೆ ಪರೀಕ್ಷಕರು ಸಹಿ ಹಾಕಿದರು. ಹಾರ ಕಂಪ್ಯೂಟರಿಗೆ ಹೋದ ಮೇಲೆಯೇ ಎಲ್ಲ ಸರಿಯಾದದ್ದು ಅನ್ನುವುದನ್ನು ಮಾಲೀಕರು ಅವತ್ತೇ ಕಂಡುಹಿಡಿದರು. ಅವತ್ತಿನಿಂದ ಆ ಶೆಡ್ಡಿನಲ್ಲಿ ಪ್ರತಿ ಪರೀಕ್ಷೆಗೂ ಮೊದಲು ಕಂಪ್ಯೂಟರಿಗೆ ಹಾರ ಹಾಕುವ ಪದ್ಧತಿ ಬಂತು. ಪರೀಕ್ಷಕರು ಅದನ್ನು ತಮ್ಮ ಕಂಪನಿಗೂ ಒಯ್ದರು ಅಂತ ಕೇಳಿದ್ದೇನೆ. ಅಡ್ಡಿಯೇನಿಲ್ಲ, ಕಂಪ್ಯೂಟರ್ ತನ್ನನ್ನು ತಾನು ತೂಗಿಕೊಳ್ಳುವುದಿಲ್ಲ.

ಮನೆಯಲ್ಲಿ ಅವ್ವ ಸುದ್ದಿ ಕೇಳಿ ಹಣೆ ಹಣೆ ಬಡಿದುಕೊಂಡಳು. "ಒಂದು ದಿನ ಕೋಳಿ ವಿಟಮಿನ್ ಕಮ್ಮಿ ತಿಂದಿದ್ರ ಸಾಯ್ತಿದ್ವೇನೋ?" ಅಂದಳು. ಆ ಮನೆಗೆ ಒಬ್ಬ ಸಾಫ್ಟ್‌ವೇರಿನವನೂ ಬಂದುಹೋಗಿದ್ದಾನೆ ಅಂತ ಓಣಿಯಲ್ಲಿ ಯಾರೋ ಹೇಳಿದರು. ಸುಲ್ತಾನ್ ಬಜಾರಿನ ಕಡೆ ಹೋಗಬೇಕಾದಾಗಲೆಲ್ಲ ಆಕೆಯ ಮನೆ ತಪ್ಪಿಸಿ ಕೋಠಿಯ ಮೇಲಿಂದ ಸುತ್ತಿ ಹೋದೆ. ಆ ದಿನಗಳಲ್ಲಿ ನಾನು ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಗೆದ್ದ ಯಂತ್ರವನ್ನು ಕಂಡರೇ ಮೈಯೆಲ್ಲ ಉರಿಯುತ್ತಿತ್ತು.

ಒಂದು ಭಾನುವಾರ ಮುಂಜಾನೆ ಸೀರೆ ವ್ಯಾಪಾರಿಗಳು ನಮ್ಮ ಬಾಗಿಲಲ್ಲಿ ನಿಂತಿದ್ದರು, ಒಬ್ಬರೇ. ಅವ್ವ ಗಾಬರಿಯಿಂದ ಚಾಪೆ ಹಾಸಿದಳು, ಕುರ್ಚಿಯನ್ನೂ ಹಾಕಿದಳು. ಅವರು ಚಾಪೆಯ ಮೇಲೆ ಕೂತರು.

"ಅವತ್ತ ಹಾರ ತಗದ ಮ್ಯಾಲ ಲೆಕ್ಕ ಸರಿ ಬಂತೇನ್ರಿ?"

"ಬಂತ್ರಿ."

"ಹಂಗಾರ ಹಾರದ್ದ ತಪ್ಪು." ಚಾಪೆಯ ಅಂಚು ಸರಿಮಾಡಿ ಹೇಳಿದರು. "ಮನಿಗೆ ಹೋಗಿ ನಿಮಗ ಬೈದೆ. ಮಗಳು ಕೇಳಿ, 'ಅಪ್ಪಾ, ಮಡಿ ಅಂದ್ರ ಮುಟ್ಟಬ್ಯಾಡ್ರಿ ಅಂತ ಅರ್ಥ, ಹೂವು ಏರಿಸ್ರಿ ಅಂತ ಅಲ್ಲ. ಅವ್ರು ಅವತ್ತ ಬಿಡಿಸಿ ಹೇಳಿದ್ರು, ನೀವು ಕಿಟಕ್ಯಾಗ ಇದ್ರಿ,' ಅಂದಳು. ನಮ್ಮಪ್ಪ ಕಾಳಿನ ಅಂಗಡಿ ಇಟ್ಟಿದ್ರು. ತೂಗೋ ಮುಂದ ತಕ್ಕಡಿ ಮ್ಯಾಲ ಊದಿನಕಡ್ಡಿ ಬೂದಿ ಬಿದ್ರೂ ಝಾಡಿಸಿ ತೂಗ್ತಿದ್ರು. ಅದು ನನಗ ಮರ್ತಿತ್ತು."

ಅವ್ವ ಚಹಾ ತಂದಿಟ್ಟಳು. ಅವರು ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿದರು.

"ಸಾಫ್ಟ್‌ವೇರಿನ ಹುಡುಗನ್ನೂ ಕೇಳಿದೆ, ನೀವು ಏನು ಕೆಲಸ ಮಾಡ್ತೀರಿ ಅಂತ. ಚಹಾ ಆರಿ ಕೆನಿ ಕಟ್ಟೋತನಾ ಹೇಳಿದ. ಏನೂ ತಿಳೀಲಿಲ್ಲ. ಭಾಳ ಶಾಣ್ಯಾ ಅದಾನ ಅಂದುಕೊಂಡೆ. ನೀವು ಹೇಳಿದ್ದು ಒಂದ ಮಾತಿಗೆ ತಿಳೀತು. ಅದಕ್ಕ ಸಿಟ್ಟು ಬಂತು." ಬಸಿ ಕೆಳಗಿಟ್ಟು ಅವ್ವನ ಕಡೆ ತಿರುಗಿದರು. "ಮಗಳು ಒಪ್ಯಾಳ್ರಿ. ಆಕಿಗೆ ಕೋಳಿ ವಿಚಾರಾನೂ ಗೊತ್ತೈತಿ. ನನಗ ಅವತ್ತ ನಿಮ್ಮ ಗೇಟಿನ ಆಟೋದವ ಹೇಳಿದ, ಅದು ಕೋಳಿ ದಾಣಿ ಮಷೀನು ಅಂತ."

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡಿಗೆಮನೆಗೆ ಹೋದಳು. ನಾನು ಅಲ್ಲೇ ಕೂತು ಅತ್ತುಬಿಡುತ್ತೇನೇನೋ ಅಂತ ಹೆದರಿ ಅವರ ಬಸಿ ಎತ್ತಿಕೊಂಡು ಹಿಂದೆಯೇ ಹೋದೆ.

ಮದುವೆ ಬೇಸಿಗೆಯಲ್ಲಾಯಿತು, ನಾಂಪಲ್ಲಿಯ ಹತ್ತಿರದ ಒಂದು ಛತ್ರದಲ್ಲಿ. ಹಾರಗಳನ್ನು ಜಾಂಬಾಗಿನಿಂದ ಮಾವನವರೇ ಆರಿಸಿ ತಂದಿದ್ದರು. ಬಾಡಬಾರದು ಅಂತ ಯಾರೋ ಬಕೆಟ್ಟಿನಲ್ಲಿ ಮುಳುಗಿಸಿ ಇಟ್ಟಿದ್ದರು. ಅಕ್ಷತೆ ಬಿದ್ದು ಜನ ಉಡುಗೊರೆ ಕೊಡಲು ಸಾಲು ನಿಲ್ಲುವ ಹೊತ್ತಿಗೆ ನನ್ನ ರೇಷ್ಮೆ ಅಂಗಿ ಎದೆಯಿಂದ ಹೊಟ್ಟೆಯವರೆಗೆ ತೊಯ್ದು ಮೈಗೆ ಅಂಟಿತ್ತು, ಕೊರಳು ತುರಿಸುತ್ತಿತ್ತು. ಒಂದು ನಿಮಿಷ ತೆಗೆದಿಡೋಣ ಅಂತ ಹಾರಕ್ಕೆ ಕೈ ಹಾಕಿದೆ.

ಆಕೆ ಬಂದವರಿಗೆ ನಮಸ್ಕಾರ ಮಾಡುತ್ತಲೇ, ನನ್ನ ಕಡೆ ತಿರುಗದೆ, ಮೆಲ್ಲಗೆ ಹೇಳಿದಳು. "ಇದನ್ನ ತಗೀಬ್ಯಾಡ್ರಿ. ಇದನ್ನೂ ತಗದ್ರ ನಮ್ಮಪ್ಪ ಮತ್ತ ಆಟೋ ಹಿಡೀತಾರ."

ಮುಂದಿನ ಸಾಲಿನಲ್ಲಿ ಮಾವನವರು ಕೂತಿದ್ದರು, ನನ್ನ ಕೊರಳಿನ ಮೇಲೆಯೇ ಕಣ್ಣಿಟ್ಟುಕೊಂಡು. ಕೈ ಕೆಳಗಿಳಿಸಿದೆ. ಊಟದ ಪಂಕ್ತಿ ಏಳುವವರೆಗೂ ಹಾರ ಕೊರಳಲ್ಲೇ ಇತ್ತು. ಅದರ ನೀರೆಲ್ಲ ನನ್ನ ಮೇಲೆಯೇ ಇಳಿಯಿತು.